ರಘು, ಅಕ್ಟೋಬರ್‌ನಲ್ಲಿ ಗುಹೆ ಬೇಡ, ಹಾ ಜಿಯಾಂಗ್‌ಗೆ ಹೋಗು

ರಘು, ನಿನ್ನ ಮೆಸೇಜ್ ಈಗ ನೋಡಿದೆ. ಅಕ್ಟೋಬರ್‌ನಲ್ಲಿ ಗೆಳೆಯರ ಜೊತೆ ವಿಯೆಟ್ನಾಂಗೆ ಹೋಗ್ತೀಯ, ಫೋಂಗ್ ನ್ಯಾ ಗುಹೆ, ಹಾ ಜಿಯಾಂಗ್ ಬೈಕ್ ಸುತ್ತು, ದಾಲಾತ್ ಜಲಪಾತ ಎಲ್ಲಾ ಒಂದೇ ವಾರದಲ್ಲಿ ಆಗುತ್ತಾ ಅಂತ ಕೇಳಿದ್ದೀಯ. ಆಗಲ್ಲಪ್ಪ. ಸ್ವಲ್ಪ ಉದ್ದ ಹೇಳ್ತೀನಿ, ಪೂರ್ತಿ ಕೇಳು.

ಮೊದಲು ಮಳೆ ವಿಷಯ. ಆ ದೇಶ ಉತ್ತರದಿಂದ ದಕ್ಷಿಣಕ್ಕೆ 1,600 ಕಿಲೋಮೀಟರ್‌ಗಿಂತ ಜಾಸ್ತಿ ಉದ್ದ ಇದೆ. ಇಡೀ ದೇಶಕ್ಕೆ ಒಂದೇ ಮಳೆಗಾಲ ಇಲ್ಲ. ಫೋಂಗ್ ನ್ಯಾ ಇರುವುದು ನಡುಭಾಗದಲ್ಲಿ. ಅಲ್ಲಿ ಜೋರು ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್‌ನಲ್ಲಿ. 2020ರ ಅಕ್ಟೋಬರ್‌ನಲ್ಲಿ ಆ ಕಡೆ ಎಂಥ ಪ್ರವಾಹ ಬಂದಿತ್ತು ಗೊತ್ತಾ? ಅಲ್ಲಿನ ಎಷ್ಟೋ ಗುಹೆಗಳೊಳಗೆ ನದಿಯೇ ಹರಿಯುತ್ತೆ. ಹೊರಗೆ ಮಳೆ ಬಿದ್ದರೆ ಒಳಗೆ ನೀರು ಏರುತ್ತೆ. ಜಗತ್ತಿನ ಅತಿ ದೊಡ್ಡ ಗುಹೆ ಸನ್ ದೂಂಗ್‌ಗೆ ಆ ತಿಂಗಳುಗಳಲ್ಲಿ ಯಾರನ್ನೂ ಕರೆದುಕೊಂಡು ಹೋಗಲ್ಲ. ಅದಕ್ಕೆ ತಲೆಗೆ 3,000 ಡಾಲರ್ ಹತ್ತಿರ ಖರ್ಚು ಬೇರೆ. ಗುಹೆ ನೋಡಲೇಬೇಕು ಅಂದರೆ ಮಾರ್ಚ್, ಏಪ್ರಿಲ್‌ನಲ್ಲಿ ಇನ್ನೊಂದು ಸಲ ಹೋಗು. ಆಗ ಅಲ್ಲೇ ಇರುವ ಹಾಂಗ್ ಎನ್ ಗುಹೆ ಸಾಕು. ಕಾಡಿನಲ್ಲಿ ನಡೆದು, ಹೊಳೆ ದಾಟಿ, ರಾತ್ರಿ ಗುಹೆ ಒಳಗಿನ ಮರಳಿನ ಮೇಲೆ ಟೆಂಟ್ ಹಾಕಿ ಮಲಗುವುದು. ಅದರ ಸುಖವೇ ಬೇರೆ.

ಈ ಸಲ ಉತ್ತರಕ್ಕೆ ಹೋಗು. ಅಕ್ಟೋಬರ್‌ನಲ್ಲಿ ಹಾ ಜಿಯಾಂಗ್ ಬಲು ಚೆಂದ. ಮಳೆ ಕಡಿಮೆಯಾಗಿರುತ್ತೆ, ಗುಡ್ಡದ ಗದ್ದೆಗಳಲ್ಲಿ ಭತ್ತ ಹಳದಿ ತಿರುಗಿರುತ್ತೆ, ತಿಂಗಳ ಕೊನೆಗೆ ಬಕ್‌ವೀಟ್ ಅನ್ನೋ ಧಾನ್ಯದ ಗಿಡದ ಹೂ ಅರಳುತ್ತೆ. ಹನೋಯಿಯಿಂದ ಸುಮಾರು 300 ಕಿಲೋಮೀಟರ್, ರಾತ್ರಿ ಸ್ಲೀಪರ್ ಬಸ್ ಸಿಗುತ್ತೆ. ಅಲ್ಲಿಂದ ಯೆನ್ ಮಿನ್, ದೋಂಗ್ ವಾನ್, ಮೆಯೋ ವಾಕ್ ಅನ್ನೋ ಊರುಗಳನ್ನ ಸುತ್ತಿ ಬರುವುದು. ಮೂರು ದಿನದಲ್ಲಿ ಮುಗಿಸಬಹುದು, ನಾಲ್ಕು ಇಟ್ಟುಕೋ. ದೋಂಗ್ ವಾನ್‌ನಿಂದ ಮೆಯೋ ವಾಕ್‌ಗೆ ಹೋಗುವಾಗ ಮಾ ಪಿ ಲೆಂಗ್ ಘಾಟಿ ಬರುತ್ತೆ. ಕೆಳಗೆ ಆಳದಲ್ಲಿ ನ್ಯೋ ಕ್ವೆ ನದಿ ಹಸಿರು ದಾರದ ಹಾಗೆ ಕಾಣುತ್ತೆ. 1959ರಿಂದ 65ರ ತನಕ ಗುಡ್ಡದ ಜನ ಕೈಯಲ್ಲೇ ಬಂಡೆ ಒಡೆದು ಮಾಡಿದ ರಸ್ತೆ ಅದು. ಈ ಘಾಟಿಯಲ್ಲಿ ಹಗ್ಗ ಕಟ್ಟಿಕೊಂಡು, ಬಂಡೆಗೆ ಜೋತುಬಿದ್ದು ಕೆಲಸ ಮಾಡಿದ್ದಾರೆ. ಅಲ್ಲಿ ಗಾಡಿ ನಿಲ್ಲಿಸಿ ಸುಮ್ನೆ ಸ್ವಲ್ಪ ಹೊತ್ತು ನೋಡು. ಆಮೇಲೆ ಕೆಳಗಿಳಿದು ನದಿಯಲ್ಲಿ ದೋಣಿ ಹತ್ತು.

ಆದರೆ ಬೈಕ್ ನೀನು ಓಡಿಸಬೇಡ. ಇದನ್ನ ಗಟ್ಟಿಯಾಗಿ ಹೇಳ್ತೀನಿ. ಬೇರೆ ದೇಶದಲ್ಲಿ ಗಾಡಿ ಓಡಿಸಲು ಐಡಿಪಿ ಅನ್ನೋ ಅಂತರರಾಷ್ಟ್ರೀಯ ಪರವಾನಗಿ ಬೇಕು. ವಿಯೆಟ್ನಾಂನಲ್ಲಿ ನಡೆಯುವುದು ರಸ್ತೆ ಸಂಚಾರದ 1968ರ ವಿಯೆನ್ನಾ ಒಪ್ಪಂದದ ಐಡಿಪಿ. ನಮ್ಮ ಆರ್‌ಟಿಒ ಕೊಟ್ಟ ಐಡಿಪಿ ಮೇಲೆ 1949ರ ಹಳೇ ಒಪ್ಪಂದ ಅಂತ ಇದ್ದರೆ ಅಲ್ಲಿ ಅದು ಲೆಕ್ಕಕ್ಕಿಲ್ಲ. ಪೊಲೀಸ್ ದಂಡ ಹೋಗಲಿ ಬಿಡು. ಬಿದ್ದು ಕಾಲು ಮುರಿದರೆ ಲೈಸೆನ್ಸ್ ಇಲ್ಲ ಅಂತ ಇನ್ಶೂರೆನ್ಸ್‌ನವರು ಕೈ ಎತ್ತಿಬಿಡಬಹುದು. ಅಲ್ಲಿ ಈಸಿ ರೈಡರ್ ಅಂತ ಸ್ಥಳೀಯ ಹುಡುಗರು ಸಿಗ್ತಾರೆ. ಅವರು ಓಡಿಸ್ತಾರೆ, ನೀನು ಹಿಂದೆ ಕೂರುವುದು. ತಿರುವು ತಿರುವೂ ಅವರಿಗೆ ಗೊತ್ತು, ನಿನಗೆ ಎರಡೂ ಕಡೆ ನೋಡಲು ಪುರುಸೊತ್ತು. ಚಿಕ್ಕಮ್ಮ, ಇದನ್ನ ನೀವೂ ಓದ್ತಿದ್ದರೆ ಹೆದರಬೇಡಿ, ಹೀಗೆ ಹೋದರೆ ನನಗೂ ಧೈರ್ಯ.

ದಾಲಾತ್‌ನಲ್ಲಿ ಹಗ್ಗ ಕಟ್ಟಿಕೊಂಡು ಜಲಪಾತ ಇಳಿಯುವುದು, ಅಂದರೆ ಕ್ಯಾನಿಯನಿಂಗ್, ಈ ಸಲ ಬಿಡು. ಅಲ್ಲೂ ಅಕ್ಟೋಬರ್‌ನಲ್ಲಿ ಮಳೆ ಇರುತ್ತೆ. 2016ರಲ್ಲಿ ಅಲ್ಲಿನ ದತನ್ಲಾ ಜಲಪಾತದಲ್ಲಿ ಮೂವರು ಬ್ರಿಟಿಷ್ ಪ್ರವಾಸಿಗರು ಸತ್ತರು. ಮುಂದೆ ಯಾವಾಗಲಾದರೂ ಹೋದರೆ ಪರವಾನಗಿ ಇರುವವರ ಜೊತೆಗೇ ಹೋಗು, ಹಗ್ಗ, ಹೆಲ್ಮೆಟ್ ನೀನೇ ಕೈಯಲ್ಲಿ ಹಿಡಿದು ನೋಡು.

ಇ-ವೀಸಾ 25 ಡಾಲರ್, ಸರ್ಕಾರದ ಸೈಟ್‌ನಲ್ಲೇ ಮಾಡಿಸು. ಸ್ವೆಟರ್ ಮರೆಯಬೇಡ, ಮೇಲೆ ರಾತ್ರಿ ಚಳಿ. ಊಟಕ್ಕೆ 'ಆನ್ ಚಾಯ್' ಅಂದರೆ ಸಸ್ಯಾಹಾರ ಅಂತ ಅರ್ಥವಾಗುತ್ತೆ. ಆದರೂ ಗುಡ್ಡದ ಹಳ್ಳಿಗಳಲ್ಲಿ ಅನ್ನ, ಸೊಪ್ಪು, ತೋಫು ಬಿಟ್ಟರೆ ಜಾಸ್ತಿ ಸಿಗಲ್ಲ, ಚಟ್ನಿಪುಡಿ ಇಟ್ಟುಕೋ. ತಾರೀಖು ಗಟ್ಟಿಯಾದ ತಕ್ಷಣ ಹೇಳು, ಹನೋಯಿ ಬಸ್ ವಿಷಯ ಕೂತು ನೋಡೋಣ.