ಅಕ್ಕನ ದುಡ್ಡಲ್ಲಿ ದಿನ ದೂಡುವಾಗ ಹೊಸ ಚಪ್ಪಲಿ ತಗೊಳ್ಳಬಹುದಾ?

ಕಿತ್ತ ಉಂಗುಷ್ಟ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳದೆ ಓದಿ.

ಕೆಲಸ ಹೋಗಿ ಏಳು ತಿಂಗಳಾಯಿತು. ಮೊದಲ ಮೂರು ತಿಂಗಳು ಉಳಿಸಿಟ್ಟಿದ್ದರಲ್ಲಿ ನಡೆಯಿತು. ಆಮೇಲಿಂದ ಅಕ್ಕ-ಭಾವ ಪ್ರತಿ ತಿಂಗಳು ಒಂದನೇ ತಾರೀಕಿಗೆ ದುಡ್ಡು ಹಾಕುತ್ತಿದ್ದಾರೆ. ನಾನು ಕೇಳಿರಲಿಲ್ಲ, ಅವಳೇ ಶುರು ಮಾಡಿದಳು. ರೂಮಲ್ಲಿ ಜೊತೆಗಿರುವ ಗೆಳೆಯ ಕರೆಂಟ್ ಬಿಲ್ಲಿಗೆ ನನ್ನ ಪಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದಾನೆ. ಪಕ್ಕದ ಮನೆ ಅಜ್ಜಿ ವಾರಕ್ಕೆರಡು ಸಲ ಡಬ್ಬಿ ತುಂಬಿಸಿ ಕೊಡುತ್ತಾರೆ, 'ಜಾಸ್ತಿ ಆಯ್ತಪ್ಪ, ಸುಮ್ನೆ ಚೆಲ್ಲಬೇಕು' ಅನ್ನುತ್ತಾರೆ. ಒಬ್ಬರೇ ಇರುವ ಮನೆಯಲ್ಲಿ ವಾರಕ್ಕೆರಡು ಸಲ ಅಳತೆ ತಪ್ಪುತ್ತದಾ? ಇಬ್ಬರಿಗೂ ಗೊತ್ತು, ಇಬ್ಬರೂ ಮಾತಾಡುವುದಿಲ್ಲ.

ನನ್ನ ಕಡೆಯಿಂದ ಮಾಡಬಹುದಾದದ್ದನ್ನು ಮಾಡಿದ್ದೇನೆ. ಫೋನಿಗೆ ಎಲ್ಲಕ್ಕಿಂತ ಕಡಿಮೆ ಪ್ಲಾನು. ತಿಂಗಳಾ ತಿಂಗಳಾ ದುಡ್ಡು ಕತ್ತರಿಸುತ್ತಿದ್ದ ಆ್ಯಪ್‌ಗಳೆಲ್ಲ ಬಂದ್. ಹತ್ತಿರದ ಕಡೆಗೆ ನಡೆದೇ ಹೋಗುತ್ತೇನೆ. ಇನ್ನೂ ಎಲ್ಲಿ ಹಿಡಿತ ಮಾಡಬಹುದು ಅಂತ ಗೊತ್ತಿದ್ದವರು ಹೇಳಿ.

ಇನ್ನೊಂದು ವಿಷಯ. ಅಸಲಿಗೆ ಇದಕ್ಕೇ ಬರೆಯುತ್ತಿರುವುದು. ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು. ಮೂರು ಸಲ ಹೊಲಿಸಿದೆ, ಆರು ವಾರ ಹಾಗೇ ಓಡಾಡಿದೆ. ನಾಲ್ಕನೇ ಸಲ ಇಂಟರ್‌ವ್ಯೂಗೆ ಹೋಗುವ ದಾರಿಯಲ್ಲೇ ಕಿತ್ತುಬಂತು. ಅವತ್ತು ಹೊಸದು ತಗೊಂಡೆ. ಮುಂದಿನ ಭಾನುವಾರ ಅಕ್ಕ ಬಂದಳು, ಬಾಗಿಲಲ್ಲಿ ಚಪ್ಪಲಿ ನೋಡಿದಳು, ಏನೂ ಹೇಳಲಿಲ್ಲ. ನಾನೇ ಹತ್ತು ನಿಮಿಷ ವಿವರಣೆ ಕೊಟ್ಟೆ, ಹಳೆಯದು ಎಷ್ಟು ಸಲ ಕಿತ್ತಿತ್ತು, ಇದನ್ನು ಎಷ್ಟು ಚೌಕಾಸಿ ಮಾಡಿ ತಂದೆ, ಎಲ್ಲ. ಕೊನೆಗೆ ಅವಳು 'ನಾನು ಕೇಳಿದ್ನಾ ನಿನ್ನ?' ಅಂದಳು. ಆ ಮಾತು ಇನ್ನೂ ಕಿವಿಯಲ್ಲಿದೆ. ಬೇರೆಯವರ ದುಡ್ಡಲ್ಲಿ ಇರುವಾಗ ನಮಗೆ ಅಂತ ಏನಾದರೂ ಕೊಳ್ಳುವುದು ತಪ್ಪಾ?

---

ಲೆಕ್ಕದ ಪುಸ್ತಕ:

ಮೊದಲನೇ ಪ್ರಶ್ನೆಗೆ ಮಾತ್ರ ನಾನು. ಎರಡನೆಯದಕ್ಕೆ ಬೇರೆಯವರು ಇದ್ದಾರೆ.

ಎಲ್ಲರೂ ಬಲ್ಬ್ ಆರಿಸಿ ಅನ್ನುತ್ತಾರೆ. ಆರಿಸಿ, ಆದರೆ ಅದರಿಂದ ದೊಡ್ಡ ಉಳಿತಾಯ ಬರುವುದಿಲ್ಲ. 9 ವ್ಯಾಟಿನ ಎಲ್‌ಇಡಿ ಬಲ್ಬ್ ಒಂದು ಯೂನಿಟ್ ಕರೆಂಟ್ ತಿನ್ನಬೇಕಾದರೆ ಸುಮಾರು 110 ಗಂಟೆ ಉರಿಯಬೇಕು. 2000 ವ್ಯಾಟಿನ ಗೀಸರ್ ಅದೇ ಒಂದು ಯೂನಿಟ್ಟನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಅಂದರೆ ಬಿಸಿ ಮಾಡುವ ಸಾಮಾನು ಯಾವುದಿದೆಯೋ ಅದರ ಹಿಂದೆ ಬೀಳಿ. ಗೀಸರ್, ಇಸ್ತ್ರಿ ಪೆಟ್ಟಿಗೆ, ಬಿಸಿನೀರಲ್ಲಿ ಒಗೆಯುವ ವಾಷಿಂಗ್ ಮಷೀನು. ಗೆಳೆಯ ಬಿಲ್ಲು ಕಟ್ಟುತ್ತಿದ್ದಾನೆ ಅಂದಿರಿ, ಹಾಗಿದ್ದರೆ ಬಿಲ್ಲು ಇಳಿಸುವುದೇ ನಿಮ್ಮ ಪಾಲು ಅಂದುಕೊಳ್ಳಿ. ಇಬ್ಬರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಗೀಸರ್ ಎರಡೆರಡು ಸಲ ಹಾಕುವುದು ತಪ್ಪುತ್ತದೆ.

ಅಡುಗೆಗೆ ಕುಕ್ಕರ್ ಬಳಸಿ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ದಾಟುವುದಿಲ್ಲ, ಕುಕ್ಕರಿನಲ್ಲಿ ಸುಮಾರು 120ರವರೆಗೆ ಹೋಗುತ್ತದೆ, ಅದಕ್ಕೇ ಬೇಗ ಬೇಯುವುದು. ಕಾಳು ರಾತ್ರಿಯೇ ನೆನೆಹಾಕಿ. ಪಾತ್ರೆಗೆ ಮುಚ್ಚಳ ಹಾಕಿ. ಇದನ್ನೆಲ್ಲ ಹೇಳಬೇಕಾ ಅಂತ ಅನ್ನಿಸಬಹುದು, ನನ್ನ ರೂಮ್‌ಮೇಟ್‌ಗೆ ನಾಲ್ಕು ವರ್ಷ ಹೇಳಿದೆ.

ನಲ್ಲಿ ಸೋರುತ್ತಿದ್ದರೆ ವಾಷರ್ ಬದಲಾಯಿಸಿ. ಸೆಕೆಂಡಿಗೆ ಒಂದು ಹನಿ ಅಂದರೂ ದಿನಕ್ಕೆ 20 ಲೀಟರ್ ಆಸುಪಾಸು ಹೋಗುತ್ತದೆ.

ಇನ್ನು ಸಾಮಾನು. ದೊಡ್ಡ ಪ್ಯಾಕೆಟ್ಟು ತಗೊಂಡರೆ ಅಗ್ಗ ಅನ್ನುತ್ತಾರೆ. ಎಷ್ಟೋ ಸಲ ನಿಜ, ಯಾವಾಗಲೂ ಅಲ್ಲ, ಗ್ರಾಮಿಗೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿ. ಆದರೆ ಕೈಯಲ್ಲಿ ದುಡ್ಡಿಲ್ಲದವನು ಒಟ್ಟಿಗೆ ಅಷ್ಟು ಹೇಗೆ ಕೊಳ್ಳುತ್ತಾನೆ? ಬಡವನಿಗೆ ಚಿಕ್ಕ ಪ್ಯಾಕೆಟ್ಟೇ ಗತಿ, ಅದೇ ದುಬಾರಿ, ಇದೊಂದು ಅನ್ಯಾಯ. ನಾವು ಮೂರು ಮನೆಯವರು ಸೇರಿ ಮೂಟೆ ತರಿಸಿ ಹಂಚಿಕೊಳ್ಳುತ್ತಿದ್ದೆವು. ಅಜ್ಜಿಯನ್ನೂ ಗೆಳೆಯನನ್ನೂ ಸೇರಿಸಿಕೊಂಡು ನೋಡಿ. ಹೊತ್ತು ತರುವುದು, ತೂಗಿ ಹಂಚುವುದು ನಿಮ್ಮ ಕೆಲಸ.

ಚಪ್ಪಲಿ ಬಗ್ಗೆ ಒಂದೇ ಮಾತು: ಮೂರು ಸಲ ಹೊಲಿಸಿದ ದುಡ್ಡನ್ನು ಸೇರಿಸಿದ್ದೀರಾ?

---

ದೊಡ್ಡಕ್ಕ:

ನಾನು ಕೊಡುವ ಕಡೆ ಇದ್ದವಳು, ಅದಕ್ಕೇ ಬರೆಯುತ್ತಿದ್ದೇನೆ. ತಮ್ಮನನ್ನು ಎರಡು ವರ್ಷ ನೋಡಿಕೊಂಡೆ.

ಅವನೂ ಹೀಗೇ. ಬನಿಯನ್ ತಗೊಂಡರೂ ರಸೀದಿ ಫೋಟೋ ಕಳಿಸುತ್ತಿದ್ದ. ಶುರುವಿನಲ್ಲಿ ಪಾಪ ಅನ್ನಿಸುತ್ತಿತ್ತು, ಆಮೇಲೆ ಸಿಟ್ಟು ಬರತೊಡಗಿತು. ಯಾಕೆ ಅಂದರೆ, ನಾನು ಅಕ್ಕ ಆಗಿ ಕೊಟ್ಟಿದ್ದೆ, ಅವನು ನನ್ನನ್ನು ಸಾಹುಕಾರ್ತಿ ಮಾಡಿ ಕೂರಿಸಿಬಿಟ್ಟಿದ್ದ. ಫೋನ್ ಮಾಡಿದರೆ ಖರ್ಚಿನ ವರದಿ. ಊಟ ಆಯ್ತಾ ಅಂದರೆ ಊಟಕ್ಕೆ ಎಷ್ಟಾಯಿತು ಅನ್ನುವ ವರದಿ. ನಿಮ್ಮ ಅಕ್ಕ 'ಕೇಳಿದ್ನಾ' ಅಂದಿದ್ದು ಬೈಗುಳ ಅಂತ ನನಗೆ ಅನ್ನಿಸುವುದಿಲ್ಲ. ಬೇಜಾರು ಅದು.

ಆದರೆ ಒಂದು ದಿನ ನಿಜವಾಗಿ ನೊಂದುಕೊಂಡೆ. ಅವನು ಬೇರೊಬ್ಬರ ಹತ್ತಿರ ಸಾಲ ಮಾಡಿದ್ದ ವಿಷಯ ಮೂರನೆಯವರಿಂದ ಗೊತ್ತಾಯಿತು. ದುಡ್ಡು ದೊಡ್ಡದಲ್ಲ. ರಸೀದಿ ಕಳಿಸುತ್ತಿದ್ದವನು ಇದನ್ನು ಬಚ್ಚಿಟ್ಟನಲ್ಲ ಅಂತ.

ಅದಾದ ಮೇಲೆ ಕೂತು ಮಾತಾಡಿದೆವು. ಇದನ್ನು ಮೊದಲ ತಿಂಗಳೇ ಮಾಡಬೇಕಿತ್ತು. ಇದು ಕೊಟ್ಟದ್ದಾ, ಸಾಲವಾ? ಸಾಲವಾದರೆ ಯಾವಾಗಿಂದ ವಾಪಸ್ಸು? ಎಷ್ಟು ತಿಂಗಳು ಕೊಡಲು ನನಗೆ ಆಗುತ್ತದೆ? ನನಗೂ ಒಂದು ಮಿತಿ ಇತ್ತು, ಅದನ್ನು ಬಾಯಿಬಿಟ್ಟು ಹೇಳಲು ನನಗೂ ನಾಚಿಕೆ. ಮೂರು ತಿಂಗಳಿಗೊಮ್ಮೆ ಮಾತಾಡುವುದು, ಮಧ್ಯದಲ್ಲಿ ಲೆಕ್ಕದ ಸುದ್ದಿ ಎತ್ತುವಂತಿಲ್ಲ ಅಂತ ಮಾಡಿಕೊಂಡೆವು. ಕೊಡುವುದರಲ್ಲೇ ಒಂದು ಸಣ್ಣ ಪಾಲು ಅವನ ಕೈಖರ್ಚು, ಅದರಲ್ಲಿ ಅವನು ಸಿನಿಮಾ ನೋಡಲಿ, ಗಾಳಿಪಟ ಹಾರಿಸಲಿ, ನಾನು ಕೇಳುವುದಿಲ್ಲ, ಅವನು ಹೇಳುವುದಿಲ್ಲ.

ನಿಮ್ಮ ಭಾವನನ್ನೂ ಕೂರಿಸಿಕೊಂಡು ಮಾತಾಡಿ. ದುಡ್ಡು ಆ ಮನೆಯದು, ಅಕ್ಕನೊಬ್ಬಳದೇ ಅಲ್ಲ.

---

ಕಿತ್ತ ಉಂಗುಷ್ಟ:

ದೊಡ್ಡಕ್ಕ ಅವರೇ, ನಿಮ್ಮ ತಮ್ಮನ ಸಾಲದ ಮಾತು ಓದಿ ಎದೆ ಧಸಕ್ ಅಂತು. ಎಲ್ಲ ಹೇಳಿಲ್ಲ ನಾನು. ಒಂದು ಕ್ರೆಡಿಟ್ ಕಾರ್ಡ್ ಬಾಕಿ ಇದೆ. ಕೆಲಸ ಹೋದ ಹೊಸದರಲ್ಲಿ, ಬೇಗ ಇನ್ನೊಂದು ಸಿಗುತ್ತದೆ ಅಂತ ಕಾರ್ಡಲ್ಲೇ ತಿಂಗಳು ಎಳೆದಿದ್ದೆ. ಈಗ ತಿಂಗಳಾ ತಿಂಗಳಾ ಕನಿಷ್ಠ ಮೊತ್ತ ಕಟ್ಟುತ್ತಿದ್ದೇನೆ. ಅಕ್ಕ ಹಾಕುವ ದುಡ್ಡಲ್ಲೇ. ಅವಳಿಗೆ ಗೊತ್ತಿಲ್ಲ. ಚಪ್ಪಲಿಗೆ ಹತ್ತು ನಿಮಿಷ ಯಾಕೆ ವಿವರಣೆ ಕೊಟ್ಟೆ ಅಂತ ಈಗ ನನಗೇ ಅರ್ಥ ಆಗುತ್ತಿದೆ.

---

ಮೂರೂಮುಕ್ಕಾಲು:

ಅಯ್ಯೋ ಮಾರಾಯ, ಇದನ್ನು ಮೊದಲೇ ಹೇಳಬಾರದಾ. ಗೀಸರ್, ಕುಕ್ಕರ್ ಎಲ್ಲ ಬದಿಗಿಡಿ. ನಿಮ್ಮ ಮನೆಯಲ್ಲಿ ಸೋರುತ್ತಿರುವ ನಲ್ಲಿ ಇದು.

ಲೆಕ್ಕ ನೋಡಿ. ಕಾರ್ಡಿನ ಬಡ್ಡಿ ತಿಂಗಳಿಗೆ 100ಕ್ಕೆ 3 ಅಂತ ಇಟ್ಟುಕೊಳ್ಳಿ. ಕೇಳಲು ಸಣ್ಣದು. ವರ್ಷಕ್ಕೆ 36 ಅಂತ ಅಂದುಕೊಳ್ಳುತ್ತೇವೆ, ಆದರೆ ಬಡ್ಡಿಗೆ ಬಡ್ಡಿ ಸೇರಿ ಅದು 42 ದಾಟುತ್ತದೆ. ಏನೂ ಕಟ್ಟದೆ ಬಿಟ್ಟರೆ ಎರಡು ವರ್ಷಕ್ಕೆ ಸಾಲ ಎರಡರಷ್ಟು. ಕನಿಷ್ಠ ಮೊತ್ತ ಬಾಕಿಯ 100ಕ್ಕೆ 5 ಅಂತಿದ್ದರೆ, ಅದರಲ್ಲಿ 3 ಬಡ್ಡಿಗೇ ಹೋಯಿತು, ಅಸಲು ಇಳಿದದ್ದು 2. ಮುಂದಿನ ತಿಂಗಳು ಬಾಕಿ ಇಳಿದ ಹಾಗೆ ಕನಿಷ್ಠ ಮೊತ್ತವೂ ಇಳಿಯುತ್ತದೆ, ನಿಮಗೆ ಖುಷಿ, ಬ್ಯಾಂಕಿಗೆ ಇನ್ನೂ ಖುಷಿ. ಹೀಗೆ ವರ್ಷಗಟ್ಟಲೆ ಎಳೆಯುತ್ತದೆ. ನಿಮ್ಮ ಅಕ್ಕ ಕೊಟ್ಟಿದ್ದು ತಮ್ಮನ ಹೊಟ್ಟೆಗೆ, ಹೋಗುತ್ತಿರುವುದು ಬಡ್ಡಿಗೆ.

ಮೊದಲು ಕಾರ್ಡ್ ಬಳಸುವುದನ್ನು ನಿಲ್ಲಿಸಿ. ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿ ಇಲ್ಲದ ದಿನಗಳು ಸಾಮಾನ್ಯವಾಗಿ ಸಿಗುವುದಿಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ. ಆಮೇಲೆ ಬ್ಯಾಂಕಿಗೆ ನೀವೇ ಫೋನ್ ಮಾಡಿ. ಕೆಲಸ ಹೋಗಿದೆ ಅಂತ ನೇರವಾಗಿ ಹೇಳಿ, ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಮಾಡಿಕೊಡುತ್ತೀರಾ ಅಂತ ಕೇಳಿ. ಅವರು 'ಸೆಟ್ಲ್‌ಮೆಂಟ್', ಅಂದರೆ ಬಾಕಿಯಲ್ಲಿ ಒಂದು ಪಾಲು ಕಟ್ಟಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡುವುದು, ಅಂತ ಏನಾದರೂ ಹೇಳಿದರೆ, ಅದು ಕಂತಿನ ಹಾಗಲ್ಲ, ನಿಮ್ಮ ಸಾಲದ ದಾಖಲೆಯಲ್ಲಿ ಪೂರ್ತಿ ತೀರಿಸಿಲ್ಲ ಅಂತ ಕೂರುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ. ಒಪ್ಪಿದ್ದನ್ನೆಲ್ಲ ಬರಹದಲ್ಲಿ ತರಿಸಿಕೊಳ್ಳಿ.

ಇದನ್ನು ತೀರಿಸಲು ಫೋನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್ ಹಾಕಿಕೊಳ್ಳಬೇಡಿ. ನಾನು ಹಾಕಿಕೊಂಡಿದ್ದೆ. ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲು ಅನುಮತಿ ಕೇಳಿತು, ಕೊಟ್ಟೆ. ಒಂದು ಕಂತು ತಪ್ಪಿದ್ದಕ್ಕೆ ಹಳೇ ಆಫೀಸಿನವರಿಗೆಲ್ಲ ಫೋನ್ ಹೋಯಿತು. ಆಗ ಅನ್ನಿಸಿತು, ಅಣ್ಣನಿಗೆ ಒಂದು ಸಲ ಮುಖ ತೋರಿಸಿ ಹೇಳಿದ್ದರೆ ಮುಗಿಯುತ್ತಿತ್ತಲ್ಲ ಅಂತ.

---

ಹಿತ್ತಲ ಬಾಗಿಲು:

ಎಲ್ಲರೂ ದುಡ್ಡಿನದ್ದೇ ಹೇಳಿದಿರಿ. ಡಬ್ಬಿ ಕೊಡುವ ಅಜ್ಜಿಯನ್ನು ಮರೆತಿರಿ.

ಡಬ್ಬಿಯನ್ನು ಬರೀ ತೊಳೆದು ವಾಪಸ್ ಕೊಡುತ್ತೀರಾ? ಒಂದು ಸಲ ಅವರ ಫೋನ್ ರೀಚಾರ್ಜ್, ಒಂದು ಸಲ ಔಷಧಿ ತಂದುಕೊಡುವುದು, ಕೈಗೆಟುಕದ ಬಲ್ಬ್ ಹಾಕಿಕೊಡುವುದು, ಇದಕ್ಕೇನು ದುಡ್ಡು ಬೇಕಾ? ಅಮೆರಿಕದ ಎಡ್ಗರ್ ಕಾನ್ ಅನ್ನುವ ವಕೀಲರು 1980ರಲ್ಲಿ ಹೀಗೊಂದು ಲೆಕ್ಕ ಯೋಚಿಸಿದರು, ಒಂದು ಗಂಟೆ ಇನ್ನೊಬ್ಬರಿಗೆ ಕೆಲಸ ಮಾಡಿದರೆ ನಿಮ್ಮ ಖಾತೆಗೆ ಒಂದು ಗಂಟೆ. ಪಾಠ ಹೇಳಿದರೂ ಒಂದು ಗಂಟೆ, ಅಂಗಳ ಗುಡಿಸಿದರೂ ಒಂದು ಗಂಟೆ, ಮೇಲು ಕೀಳಿಲ್ಲ. ಟೈಮ್ ಬ್ಯಾಂಕ್ ಅಂತ ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತವೆ. ನಿಮಗೆ ಅಷ್ಟೆಲ್ಲ ವ್ಯವಸ್ಥೆ ಬೇಡ, ಇರುವುದು ಒಬ್ಬ ಅಜ್ಜಿ. ಆದರೆ ಕೆಲಸ ಇಲ್ಲದವನ ಹತ್ತಿರ ದುಡ್ಡಿಲ್ಲದಿದ್ದರೂ ಹೊತ್ತು ಇರುತ್ತದೆ, ಅದಕ್ಕೂ ಬೆಲೆ ಇದೆ.

ರಿಪೇರಿಯೂ ಕಲಿಯಿರಿ. ಆಮ್‌ಸ್ಟರ್‌ಡ್ಯಾಮಿನಲ್ಲಿ 2009ರಲ್ಲಿ ಮಾರ್ಟಿನ್ ಪೋಸ್ಟ್ಮಾ ಅನ್ನುವವರು ರಿಪೇರಿ ಕೆಫೆ ಅಂತ ಶುರು ಮಾಡಿದರು. ಕೆಟ್ಟ ಸಾಮಾನು ತೆಗೆದುಕೊಂಡು ಹೋಗುವುದು, ಬಲ್ಲವರ ಪಕ್ಕ ಕೂತು ಇಬ್ಬರೂ ಸೇರಿ ಸರಿಮಾಡುವುದು. ನಿಮ್ಮ ಓಣಿಯಲ್ಲೂ ಸ್ಕ್ರೂ ಡ್ರೈವರ್ ಹಿಡಿದು ಕೂರುವ ಒಬ್ಬರಾದರೂ ಇರುತ್ತಾರೆ, ಹೋಗಿ ಮಾತಾಡಿಸಿ.

ಒಂದು ಎಚ್ಚರ ಮಾತ್ರ. ನಾನು ಮಾವನ ಮನೆಯಲ್ಲಿ ಒಂದೂವರೆ ವರ್ಷ ಇದ್ದೆ. ಉಪಕಾರಕ್ಕೆ ಪ್ರತಿಯಾಗಿ ಇರಲಿ ಅಂತ ಎಲ್ಲದಕ್ಕೂ ಹ್ಞೂಂ ಅಂದೆ. ಆಮೇಲೆ ಗ್ಯಾಸ್ ಬುಕ್ ಮಾಡಲು ನಾನು, ಮಕ್ಕಳನ್ನು ಕರೆತರಲು ನಾನು, ಮಾವನ ಗೆಳೆಯರ ಮನೆ ಸಾಮಾನು ಸಾಗಿಸಲೂ ನಾನು. 'ಅವನು ಮನೇಲೇ ಇರ್ತಾನಲ್ಲ' ಅನ್ನುವುದೇ ನನ್ನ ಹೆಸರಾಯಿತು. ಒಂದು ಇಂಟರ್‌ವ್ಯೂ ಇದೇ ಗಡಿಬಿಡಿಯಲ್ಲಿ ತಪ್ಪಿತು. ಆದ್ದರಿಂದ ದಿನದಲ್ಲಿ ಇಷ್ಟು ಹೊತ್ತು ಕೆಲಸ ಹುಡುಕುವುದಕ್ಕೆ ಅಂತ ತೆಗೆದಿಡಿ, ಆ ಹೊತ್ತಲ್ಲಿ ಯಾರು ಕರೆದರೂ ಆಮೇಲೆ ಬರುತ್ತೇನೆ ಅನ್ನಿ. ಅಜ್ಜಿ ಆದರೂ ಅಷ್ಟೇ.

---

ಕಿತ್ತ ಉಂಗುಷ್ಟ:

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳದಿದ್ದರೆ ಸರಿಯಲ್ಲ.

ಭಾನುವಾರ ಅಕ್ಕನ ಮನೆಗೆ ಹೋದೆ. ಕಾರ್ಡಿನ ವಿಷಯ ಹೇಳಲು ಬಾಯಿ ತೆಗೆದೆ, ತಡವರಿಸಿದೆ. ಭಾವ ಎದ್ದು ಒಳಗೆ ಹೋಗಿ ಒಂದು ಲಕೋಟೆ ತಂದು ಮುಂದಿಟ್ಟರು. ಬ್ಯಾಂಕಿನ ಕಾಗದ. ಕಾರ್ಡ್ ಮಾಡಿಸುವಾಗ ಖಾಯಂ ವಿಳಾಸ ಅಂತ ಅವರ ಮನೆಯದನ್ನೇ ಕೊಟ್ಟಿದ್ದೆ, ನನಗೆ ನೆನಪೇ ಇರಲಿಲ್ಲ. ಎರಡು ತಿಂಗಳಿಂದ ಅವರಿಬ್ಬರಿಗೂ ಗೊತ್ತು. ನಾನಾಗಿ ಹೇಳಲಿ ಅಂತ ಕಾಯುತ್ತಿದ್ದರಂತೆ. ಅವತ್ತು ಚಪ್ಪಲಿ ಬಗ್ಗೆ ಅಷ್ಟುದ್ದ ಹೇಳಿದೆನಲ್ಲ, ಈಗ ಕಾರ್ಡಿನ ಮಾತು ಬರುತ್ತದೆ, ಈಗ ಬರುತ್ತದೆ ಅಂತ ಅಕ್ಕ ಕೇಳಿಸಿಕೊಳ್ಳುತ್ತಾ ಕೂತಿದ್ದಳಂತೆ.

ಬ್ಯಾಂಕಿನವರು ಕಂತು ಮಾಡಿಕೊಟ್ಟರು, ಮೂರನೇ ಸಲ ಫೋನ್ ಮಾಡಿದ ಮೇಲೆ. ಅಕ್ಕ ಕೊಟ್ಟದ್ದು ಕೊಟ್ಟದ್ದೇ, ವಾಪಸ್ ಬೇಡ ಅಂದಳು. ಭಾವ ಸಾಲ ಅಂತಲೇ ಬರೆದುಕೊಳ್ಳೋಣ ಅಂದರು. ಅದಕ್ಕೆ ಇಬ್ಬರೂ ಇನ್ನೂ ಜಗಳ ಆಡುತ್ತಿದ್ದಾರೆ. ನನಗೆ ಭಾವ ಹೇಳಿದ್ದೇ ಹಗುರ ಅನ್ನಿಸಿತು, ಒಂದು ನೋಟ್‌ಬುಕ್ಕಲ್ಲಿ ಬರೆಯಲು ಶುರು ಮಾಡಿದ್ದೇನೆ.

ಲೆಕ್ಕದ ಪುಸ್ತಕ ಅವರೇ, ಹೊಲಿಸಿದ ದುಡ್ಡು ಸೇರಿಸಿದೆ. ಹೊಸ ಚಪ್ಪಲಿಯ ಅರ್ಧ ಆಗಿತ್ತು. ಹಳೆಯದನ್ನು ಇನ್ನೂ ಎಸೆದಿಲ್ಲ, ಬಚ್ಚಲಿಗೆ ಇಟ್ಟುಕೊಂಡಿದ್ದೇನೆ.