7ನೇ ಕ್ರಾಸ್ ಮ್ಯಾಪ್‌ನಲ್ಲಿ ತಪ್ಪಾಗಿದೆ, ಭಾನುವಾರ ಯಾರ್ಯಾರು ಬರ್ತೀರಿ?

7ನೇ ಕ್ರಾಸ್, ಮೂಲೆ ಮನೆ:
ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ಎದುರು ಮನೆ ತಾತನಿಗೆ ಆಂಬುಲೆನ್ಸ್ ಕರೆಸಿದ್ದು ಗೊತ್ತಲ್ವಾ. ಅದು ರಾಜಕಾಲುವೆ ಆಚೆ ಬಂದು ನಿಂತುಬಿಟ್ಟಿತು. ಡ್ರೈವರ್ ಫೋನಿನ ಮ್ಯಾಪ್ ಆ್ಯಪ್‌ನಲ್ಲಿ ನಮ್ಮ ಕ್ರಾಸ್ ಕಾಲುವೆ ದಾಟಿ ಸೀದಾ ಮೇನ್ ರೋಡಿಗೆ ಸೇರುತ್ತದೆ! ಅಲ್ಲಿರುವುದು ಚಪ್ಪಡಿ ಹಾಸಿದ ಕಿರುಸೇತುವೆ, ಬಾಯಿಗೆ ಎರಡು ಕಬ್ಬಿಣದ ಪೈಪ್ ನೆಟ್ಟಿದ್ದಾರೆ, ಸ್ಕೂಟರ್ ಕೂಡ ಹ್ಯಾಂಡಲ್ ಓರೆ ಮಾಡಿದರೇನೇ ನುಗ್ಗೋದು. ಕೊನೆಗೆ ನಾಲ್ಕು ಜನ ಸ್ಟ್ರೆಚರ್ ಹೊತ್ತು ದಾಟಿಸಿದೆವು. ತಾತ ಈಗ ಆರಾಮಾಗಿದ್ದಾರೆ.

ಆ ಆ್ಯಪ್‌ಗೆ ರಸ್ತೆ ಮಾಹಿತಿ ಬರುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. 2004ರಲ್ಲಿ ಶುರುವಾದ, ಜನರೇ ಸೇರಿ ಬರೆಯುವ ಮ್ಯಾಪ್. ಯಾವ ಗೆರೆಯನ್ನು ಯಾರು, ಯಾವತ್ತು ಎಳೆದರು ಅಂತ ಎಲ್ಲ ದಾಖಲಾಗಿರುತ್ತದೆ. ಸಿಟ್ಟಿನಲ್ಲಿ ತೆಗೆದು ನೋಡಿದೆ. ನನ್ನದೇ ಹೆಸರು. ಲಾಕ್‌ಡೌನ್ ಟೈಮಲ್ಲಿ, ಇಲ್ಲಿಗೆ ಬಂದ ಹೊಸದರಲ್ಲಿ, ಮನೇಲಿ ಕೂತು ಉಪಗ್ರಹ ಚಿತ್ರದ ಮೇಲೆ ಎಳೆದಿದ್ದು. ಮರದ ನೆರಳಲ್ಲಿ ಕಾಲುವೆ ಕಂಡಿಲ್ಲ, ನಾನೂ ಹೋಗಿ ನೋಡಿಲ್ಲ.

ನಿನ್ನೆ ಗೆರೆ ಕತ್ತರಿಸಿ, ಸೇತುವೆಯನ್ನು ಕಾಲುದಾರಿ ಮಾಡಿ, ಪೈಪ್‌ಗಳನ್ನೂ ಗುರುತಿಸಿದೆ. ವೆಬ್‌ಸೈಟಿನಲ್ಲಿ ಬೇಗ ಕಾಣುತ್ತದೆ, ಆಫ್‌ಲೈನ್ ಆ್ಯಪ್‌ಗಳಿಗೆ ತಲುಪಲು ವಾರಗಳೇ ಆಗಬಹುದು. ಆದರೆ ಆಗ ಎಳೆದಿದ್ದು ಇದೊಂದೇ ಅಲ್ಲ. ಎಲ್ಲಾ ಕ್ರಾಸ್ ನಡೆದು ನೋಡಬೇಕು.

4ನೇ ಕ್ರಾಸ್:
ಅಷ್ಟೆಲ್ಲಾ ಯಾಕೆ, ಗೂಗಲ್ ಮ್ಯಾಪ್ ನೋಡಿ ಹಾಗೇ ಹಾಕಿದ್ರೆ ಆಗಲ್ವಾ?

7ನೇ ಕ್ರಾಸ್, ಮೂಲೆ ಮನೆ:
ಆಗಲ್ಲ ಮೇಡಂ. ಅಲ್ಲಿಂದ ಒಂದು ಹೆಸರನ್ನೂ ಎತ್ತುವ ಹಾಗಿಲ್ಲ, ಲೈಸೆನ್ಸ್ ತಕರಾರು. ನಾವು ಕಣ್ಣಾರೆ ನೋಡಿದ್ದು, ಬೋರ್ಡಿನಲ್ಲಿ ಓದಿದ್ದು ಮಾತ್ರ.

ಸಂಘದ ಕಾರ್ಯದರ್ಶಿ:
2ನೇ ಕ್ರಾಸ್ ಮ್ಯಾಪ್‌ನಲ್ಲಿ ಸರಿಯಾಗೇ ಇದೆ, ಆದರೂ ಟ್ಯಾಂಕರ್‌ನವರಿಗೆ ಊರೆಲ್ಲಾ ಸುತ್ತಿಸುತ್ತದೆ. ಯಾಕೆ?

7ನೇ ಕ್ರಾಸ್, ಮೂಲೆ ಮನೆ:
ಈಗ ನೋಡಿದೆ ಸಾರ್. ಅದು 3ನೇ ಮೇನ್‌ಗೆ ಸೇರೇ ಇಲ್ಲ. ಎರಡು ಗೆರೆ ಒಂದರ ಮೇಲೊಂದು ಹಾದರೆ ಸಾಲದು, ಕೂಡುವ ಕಡೆ ಎರಡಕ್ಕೂ ಒಂದೇ ಚುಕ್ಕಿ ಇರಬೇಕು. ನಮ್ಮ ಕಣ್ಣಿಗೆ ಜಂಕ್ಷನ್, ಆ್ಯಪ್ ಲೆಕ್ಕದಲ್ಲಿ ದಾರಿಯೇ ಇಲ್ಲ. ಇದೂ ನಂದೇ ಕೆಲಸ, ಕ್ಷಮಿಸಿ.

5ನೇ ಕ್ರಾಸ್, ಹಳೇ ಮನೆ:
5ನೇ ಎ ಕ್ರಾಸ್‌ಗೆ ಬೋರ್ಡೇ ಇಲ್ಲಪ್ಪ. ನಾವೆಲ್ಲಾ ಹುಣಸೆಮರದ ರೋಡ್ ಅಂತೀವಿ. ಮರ ಹೋಗಿ ಎಷ್ಟೋ ವರ್ಷ ಆಯ್ತು, ಹೆಸರು ಹೋಗಿಲ್ಲ.

7ನೇ ಕ್ರಾಸ್, ಮೂಲೆ ಮನೆ:
ಅದನ್ನೂ ಹಾಕೋಣ ಅಂಕಲ್, ಜನ ಕರೆಯುವ ಹೆಸರಿಗೆ ಬೇರೆ ಜಾಗ ಇದೆ. ಕನ್ನಡದ ಹೆಸರಿಗೂ ಪ್ರತ್ಯೇಕ ಜಾಗ ಇದೆ, ನಮ್ಮ ಲೇಔಟಿನಲ್ಲಿ ಎಲ್ಲಾ ಖಾಲಿ ಬಿದ್ದಿದೆ.

1ನೇ ಮೇನ್:
ಹಾಗೇ ನಮ್ಮ ರಸ್ತೆ ಖಾಸಗಿ ಅಂತ ಹಾಕಿಬಿಡಿ. ಕ್ಯಾಬ್‌ನವರು ಸಿಗ್ನಲ್ ತಪ್ಪಿಸೋಕೆ ಇಲ್ಲೇ ನುಗ್ತಾರೆ.

7ನೇ ಕ್ರಾಸ್, ಮೂಲೆ ಮನೆ:
ಅದು ಸಾರ್ವಜನಿಕ ರಸ್ತೆ ಸಾರ್, ಸುಳ್ಳು ಹಾಕಲ್ಲ. ಒಮ್ಮೆ ಸುಳ್ಳು ಗೆರೆ ಎಳೆದು ಆಗಿದ್ದು ಸಾಕು. ರಾತ್ರಿ ಗೇಟ್ ಹಾಕ್ತೀರಲ್ಲ, ಗೇಟ್ ಇರೋದು ನಿಜ, ಅದನ್ನು ಹಾಕೋಣ.

ಸರಿ, ಭಾನುವಾರ 6.30ಕ್ಕೆ ಹಾಲಿನ ಬೂತ್ ಹತ್ತಿರ. ಆಂಡ್ರಾಯ್ಡ್ ಇದ್ದವರು ಸ್ಟ್ರೀಟ್‌ಕಂಪ್ಲೀಟ್ ಅನ್ನೋ ಆ್ಯಪ್ ಹಾಕಿಕೊಂಡು ಬನ್ನಿ, ಈ ಮ್ಯಾಪ್‌ಗೆ ಮಾಹಿತಿ ತುಂಬೋದಕ್ಕೆ. ರಸ್ತೆ ಮುಂದೆ ನಿಂತರೆ ಒನ್‌ವೇನಾ, ಡಾಂಬರಾ ಅಂತ ಅದೇ ಕೇಳುತ್ತದೆ. ಉಳಿದವರಿಗೆ ಪೇಪರ್, ಪೆನ್ನು. ಮನೆಗಳ ನಡುವೆ ಜಿಪಿಎಸ್ ನಾಲ್ಕಾರು ಮೀಟರ್ ಆಚೀಚೆ ಹೋಗುತ್ತದೆ, ಅದನ್ನೇ ನಂಬಿ ಗೆರೆ ಎಳೀಬೇಡಿ. ಒಂದು ಜೋಡಿ ಬರೆದಿದ್ದನ್ನು ಇನ್ನೊಂದು ಜೋಡಿ ನಡೆದು ನೋಡಲಿ. ನನ್ನದನ್ನು ಮೊದಲು ನೋಡಿ. ಮನೆಯವರ ಹೆಸರು ಮಾತ್ರ ಮ್ಯಾಪ್‌ಗೆ ಬೇಡ.

ಸಂಘದ ಕಾರ್ಯದರ್ಶಿ:
ನಾನು ಬರ್ತೀನಿ. ಆ ಗೇಟಿನ ಇನ್ನೊಂದು ಬೀಗದ ಕೈ ಯಾರ ಹತ್ತಿರ ಇದೆ ಅಂತಲೂ ಬರ್ಕೊಳ್ಳೋಣ. ಮ್ಯಾಪ್‌ಗಲ್ಲ, ನಮಗೆ.