ಅಪ್‌ಡೇಟ್: ಕೊವ್ಯಾಕ್ಸಿನ್ ಹಾಕಿಸಿಕೊಂಡ ಅಮ್ಮ ನ್ಯೂಜೆರ್ಸಿ ತಲುಪಿದರು

2021ರ ಅಕ್ಟೋಬರ್‌ನಲ್ಲಿ ಇಲ್ಲಿ ಕೇಳಿದ್ದೆ: ಉಡುಪಿಯಲ್ಲಿರುವ ಅಮ್ಮನಿಗೆ ಕೋವಿಡ್ ಲಸಿಕೆ ಕೊವ್ಯಾಕ್ಸಿನ್ ಎರಡೂ ಡೋಸ್ ಆಗಿದೆ, ವೀಸಾ ಇದೆ, ಅಕ್ಕನ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಬಹುದಾ ಅಂತ. "ಸ್ವಲ್ಪ ಕಾಯಿರಿ" ಎಂದವರ ಮಾತೇ ಸರಿಯಾಯಿತು. ನವೆಂಬರ್ 3, 2021ರಂದು ವಿಶ್ವ ಆರೋಗ್ಯ ಸಂಸ್ಥೆ ಕೊವ್ಯಾಕ್ಸಿನ್ ಅನ್ನು ಒಪ್ಪಿತು. ಅದೇ ತಿಂಗಳ 8ರಿಂದ ಅಮೆರಿಕ, ಆ ಸಂಸ್ಥೆ ಒಪ್ಪಿದ ಲಸಿಕೆ ಪೂರ್ತಿ ಆದವರನ್ನು ಒಳಗೆ ಬಿಟ್ಟಿತು. ಎರಡನೇ ಡೋಸ್ ಆಗಿ 14 ದಿನ ಕಳೆದಿರಬೇಕಿತ್ತು, ಅಷ್ಟೇ.

ತಲೆನೋವಾಗಿದ್ದು ಹೊರಡುವ ಮೊದಲಿನ ಕೋವಿಡ್ ಟೆಸ್ಟ್. ಮೊದಲು ಮೂರು ದಿನದೊಳಗಿನ ರಿಪೋರ್ಟ್ ಸಾಕಿತ್ತು, ಹಾಗಾಗಿ ಉಡುಪಿಯಲ್ಲೇ ಮಾಡಿಸುವ ಅಂತಿದ್ದೆವು. ಡಿಸೆಂಬರ್ 6ರಿಂದ ಅದು ಒಂದೇ ದಿನಕ್ಕೆ ಇಳಿಯಿತು. ಅಮ್ಮ ಅಂತೂ ಅತ್ತೇಬಿಟ್ಟರು. ಆದರೆ ಇಲ್ಲಿ ಒಂದು ವಿಷಯ ಗಮನಿಸಿ: ಒಂದು ದಿನ ಅಂದರೆ 24 ಗಂಟೆ ಅಂತ ಇರಲಿಲ್ಲ. ವಿಮಾನ ಹೊರಡುವ ಹಿಂದಿನ ದಿನ ಯಾವ ಹೊತ್ತಿಗೆ ಮಾಡಿಸಿದರೂ ನಡೆಯುತ್ತಿತ್ತು. ಬೇಗ ರಿಸಲ್ಟ್ ಬರುವ ಆಂಟಿಜೆನ್ ಟೆಸ್ಟ್ ಕೂಡ ಸಾಕಿತ್ತು. ನಾವು ಮತ್ಸ್ಯಗಂಧ ರೈಲಿನಲ್ಲಿ ಮುಂಬೈಗೆ ಹೋಗಿ, ಅಲ್ಲೇ ಮಾಡಿಸಿದೆವು.

ಸರ್ಕಾರದ ಲಸಿಕೆ ವೆಬ್‌ಸೈಟ್ ಕೋವಿನ್‌ನಲ್ಲಿ ವಿದೇಶ ಪ್ರಯಾಣದ ಸರ್ಟಿಫಿಕೇಟನ್ನೇ ತೆಗೆದೆವು. ಅದರಲ್ಲಿ ಪೂರ್ತಿ ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ನಂಬರ್ ಬರುತ್ತಿತ್ತು. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರುವಂತೆ ನೋಡಿಕೊಂಡೆವು. ವಯಸ್ಸಾದವರಿಗೆ ಪ್ರಿಂಟ್ ತೆಗೆದು ಕೈಯಲ್ಲೇ ಕೊಡಿ, ಸುಮ್ನೆ ಮೊಬೈಲ್ ನಂಬಬೇಡಿ.

ಅಮ್ಮ ಮೊನ್ನೆ ತಲುಪಿದರು. ಅಕ್ಕನಿಗೆ ದಿನ ತುಂಬಿದೆ. ಉತ್ತರ ಕೊಟ್ಟ ನಿಮಗೆಲ್ಲ ತುಂಬಾ ಥ್ಯಾಂಕ್ಸ್ ಮಾರಾಯ್ರೆ.